ವಿದ್ಯೆ ಯಾತಕ್ಕೆ? ಕ್ರೈಸ್ತರ ಪ್ರಾಚೀನ ಶಿಕ್ಷಣಕ್ರಮವೂ ನಮ್ಮ ಬೀದರಿನ ಮದರಸಾವೂ



ಹುಮನಾಬಾದಿನಲ್ಲಾಗಲಿ ಬಸವಕಲ್ಯಾಣದಲ್ಲಾಗಲಿ ನಾವು ‘ಕಾನ್ವೆಂಟ್’ ಎಂಬ ಪದವನ್ನು ಬಳಸುವ ರೀತಿ ಸ್ವಲ್ಪ ವಿಚಿತ್ರವಾದುದು. ಮೂಲದಲ್ಲಿ ಕಾನ್ವೆಂಟ್ ಎಂದರೆ ಕ್ರೈಸ್ತ ಸನ್ಯಾಸಿನಿಯರ ಮಠ. ನಮ್ಮಲ್ಲಾದರೋ ಇಂಗ್ಲಿಷ್ ಮಾಧ್ಯಮದ ಯಾವ ಶಾಲೆಯಾದರೂ ಕಾನ್ವೆಂಟೇ. ಅದನ್ನು ಹಿಂದೂಗಳು ನಡೆಸಲಿ, ಮುಸ್ಲಿಮರು ನಡೆಸಲಿ, ಮಗುವಿನ ಕೊರಳಲ್ಲಿ ಟೈ ಇದ್ದು ಮನೆ ಬಾಗಿಲಿಗೆ ವ್ಯಾನು ಬಂದರೆ ಸಾಕು. ಇನ್ನೊಂದು ಕಡೆ ‘ಕ್ರೈಸ್ತ ಶಿಕ್ಷಣ’ ಎಂದ ಕೂಡಲೇ ಮತಾಂತರದ ಮಾತೆತ್ತುವ ಹಿರಿಯರೂ ನಮ್ಮಲ್ಲಿದ್ದಾರೆ. ಈ ಮೋಹ ಮತ್ತು ಭಯಗಳ ನಡುವೆ ಒಂದು ಸರಳ ಪ್ರಶ್ನೆಯನ್ನು ಕೇಳುವವರೇ ಇಲ್ಲವಾಗಿದ್ದಾರೆ. ಕ್ರೈಸ್ತರು ಸಾವಿರಕ್ಕೂ ಹೆಚ್ಚು ವರ್ಷಗಳ ಕಾಲ ತಮ್ಮ ವಿದ್ಯಾರ್ಥಿಗಳಿಗೆ ಏನನ್ನು ಕಲಿಸಿದರು? ಯಾವ ಕ್ರಮದಲ್ಲಿ ಕಲಿಸಿದರು? ಯಾತಕ್ಕಾಗಿ ಕಲಿಸಿದರು?

ನೆರೆಯವರ ಧರ್ಮದ ವಿಚಾರ ನಮಗೇಕೆ ಎನ್ನಬೇಡಿ. ಮಾಣಿಕಪ್ರಭುಗಳ (1817-1865) ಸಕಲಮತ ಪರಂಪರೆಯ ಮಾಣಿಕನಗರ ಹುಮನಾಬಾದಿನ ಮಗ್ಗುಲಲ್ಲೇ ಇದೆ. ಇನ್ನೊಬ್ಬರ ಮಾತನ್ನು ಕೇಳಿಸಿಕೊಳ್ಳುವುದು ಈ ನೆಲಕ್ಕೆ ಹೊಸದಲ್ಲ. ಮೇಲಾಗಿ ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೊರಟರೆ ನಾವು ತಲುಪುವುದು ರೋಮಿಗಲ್ಲ, ನಮ್ಮ ಜಿಲ್ಲಾ ಕೇಂದ್ರವಾದ ಬೀದರಿಗೆ.

ಮೊದಲು ಆ ಶಿಕ್ಷಣದ ಸ್ವರೂಪವನ್ನು ನೋಡೋಣ. ಯುರೋಪಿನ ಮಧ್ಯಯುಗದ ಕ್ರೈಸ್ತ ಶಾಲೆಗಳಲ್ಲಿ ಏಳು ವಿದ್ಯೆಗಳಿದ್ದವು. ಮೊದಲ ಮೂರಕ್ಕೆ ‘ಟ್ರಿವಿಯಂ’ ಎಂದು ಹೆಸರು. ವ್ಯಾಕರಣ, ತರ್ಕ, ವಾಗ್ಮಿತೆ ಇವೇ ಆ ಮೂರು. ಲ್ಯಾಟಿನ್ ಭಾಷೆಯಲ್ಲಿ ಟ್ರಿವಿಯಂ ಎಂದರೆ ಮೂರು ದಾರಿಗಳು ಕೂಡುವ ಜಾಗ. ಹೈದರಾಬಾದು, ಸೊಲ್ಲಾಪುರ, ಬೀದರ್, ಕಲಬುರಗಿಗಳ ದಾರಿಗಳು ಕೂಡುವ ಹುಮನಾಬಾದಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಂತರದ ನಾಲ್ಕು, ಅಂದರೆ ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳಶಾಸ್ತ್ರಗಳು ಸೇರಿ ‘ಕ್ವಾಡ್ರಿವಿಯಂ’. ಸಂಗೀತವೆಂದರೆ ಇಲ್ಲಿ ಹಾಡುಗಾರಿಕೆಯಲ್ಲ, ಸ್ವರಗಳ ಹಿಂದಿರುವ ಸಂಖ್ಯೆಗಳ ಲೆಕ್ಕಾಚಾರ. ಈ ಏಳನ್ನು ದಾಟಿದ ಮೇಲೆ ತತ್ವಶಾಸ್ತ್ರ, ತುದಿಯಲ್ಲಿ ದೇವಶಾಸ್ತ್ರ.

ಗಮನಿಸಬೇಕಾದುದು ಇದರ ಕ್ರಮ. ಇಂದಿನ ಶಾಲೆಯಲ್ಲಿ ಆರು ವಿಷಯಗಳಿಗೆ ಆರು ಪುಸ್ತಕ, ಆರು ಪೀರಿಯಡ್ಡು. ಒಂದಕ್ಕೂ ಇನ್ನೊಂದಕ್ಕೂ ಮಾತುಕತೆಯಿಲ್ಲ. ಆ ಹಳೆಯ ಕ್ರಮದಲ್ಲಿ ಮೊದಲು ಭಾಷೆ. ಭಾಷೆ ಕೈವಶವಾದ ಮೇಲೆ ಸರಿಯಾದ ಮಾತನ್ನು ತಪ್ಪು ಮಾತಿನಿಂದ ಬೇರ್ಪಡಿಸುವ ತರ್ಕ. ಆಮೇಲೆ ಸರಿಯೆಂದು ಕಂಡದ್ದನ್ನು ಇನ್ನೊಬ್ಬರ ಮನಸ್ಸಿಗೆ ಮುಟ್ಟಿಸುವ ವಾಗ್ಮಿತೆ. ವಿಷಯವನ್ನು ತುಂಬುವ ಮೊದಲು ಪಾತ್ರೆಯನ್ನು ಸಿದ್ಧಗೊಳಿಸುವ ಶಿಕ್ಷಣ ಅದು.

ಈ ಏಳು ವಿದ್ಯೆಗಳು ಕ್ರೈಸ್ತರವಲ್ಲ. ಗ್ರೀಕರು ಮತ್ತು ರೋಮನ್ನರಿಂದ ಬಂದವು. ಹಾಗಾಗಿಯೇ ಆರಂಭದ ಕ್ರೈಸ್ತರಲ್ಲಿ ಇದರ ಬಗ್ಗೆ ದೊಡ್ಡ ವಾದವಾಯಿತು. ಉತ್ತರ ಆಫ್ರಿಕಾದ ತೆರ್ತುಲ್ಲಿಯನ್, ಗ್ರೀಕರ ತತ್ವಕ್ಕೂ ನಮ್ಮ ನಂಬಿಕೆಗೂ ಏನು ಸಂಬಂಧವೆಂದು ಕಟುವಾಗಿ ಕೇಳಿದ. ಸುಮಾರು ಇನ್ನೂರು ವರ್ಷಗಳ ನಂತರ ಅದೇ ಉತ್ತರ ಆಫ್ರಿಕಾದ ಸಂತ ಆಗಸ್ಟೀನ್ (354-430) ಬೇರೆ ಉತ್ತರ ಕೊಟ್ಟರು. ಪ್ರವಾದಿ ಮೂಸಾರ(ಅ) ಜನರು ಈಜಿಪ್ಟನ್ನು ಬಿಟ್ಟು ಹೊರಟಾಗ ಅಲ್ಲಿಯ ಬಂಗಾರವನ್ನು ಜೊತೆಗೆ ಒಯ್ದ ಕಥೆಯನ್ನು ಅವರು ನೆನಪಿಸಿದರು. ಬಂಗಾರ ಯಾರ ಮನೆಯಲ್ಲಿದ್ದರೂ ಬಂಗಾರವೇ. ಅದನ್ನು ಯಾವ ಕೆಲಸಕ್ಕೆ ಬಳಸುತ್ತೇವೆ ಎಂಬುದು ಮುಖ್ಯ. ಕ್ರೈಸ್ತರ ಪ್ರಾಚೀನ ಶಿಕ್ಷಣ ನಿಂತಿರುವುದು ಈ ಉತ್ತರದ ಮೇಲೆ.

ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಕ್ರೈಸ್ತ ಶಾಲೆಗಳಲ್ಲಿ ತರ್ಕಶಾಸ್ತ್ರದ ಮೊದಲ ಪಾಠಪುಸ್ತಕ ‘ಈಸಾಗೋಗೆ’. ಅದನ್ನು ಬರೆದವನು 3ನೇ ಶತಮಾನದ ಪೊರ್ಫಿರಿ. ಈ ಪೊರ್ಫಿರಿ ಕ್ರೈಸ್ತ ಧರ್ಮವನ್ನು ಖಂಡಿಸಿ ಒಂದು ದೊಡ್ಡ ಗ್ರಂಥವನ್ನೇ ಬರೆದ ಮನುಷ್ಯ! ಆ ಗ್ರಂಥವನ್ನು ಕ್ರೈಸ್ತ ಚಕ್ರವರ್ತಿಗಳು ಸುಡಿಸಿದರು. ಆದರೆ ಅವನ ತರ್ಕದ ಪುಸ್ತಕವನ್ನು ಬೋಯಿಥಿಯಸ್ ಎಂಬ ಕ್ರೈಸ್ತ ವಿದ್ವಾಂಸ 6ನೇ ಶತಮಾನದ ಆರಂಭದಲ್ಲಿ ಲ್ಯಾಟಿನ್ನಿಗೆ ತಂದ. ಮುಂದೆ ಸಾವಿರ ವರ್ಷ ಪಾದ್ರಿಗಳಾಗುವ ಹುಡುಗರು ಅದನ್ನೇ ಓದಿದರು.

ಈಗ ನಮ್ಮ ಮದರಸಾಗಳ ಕಡೆಗೆ ತಿರುಗಿ ನೋಡಿ. ಮಂತಿಕ್ ಅಂದರೆ ತರ್ಕದ ಪ್ರಾರಂಭಿಕ ಪಾಠಗಳಲ್ಲಿ ಓದಿಸುತ್ತಾ ಬಂದಿರುವ ಒಂದು ಪುಟ್ಟ ಪುಸ್ತಕದ ಹೆಸರು ‘ಈಸಾಗೂಜಿ’. 13ನೇ ಶತಮಾನದಲ್ಲಿ ಅಸೀರುದ್ದೀನ್ ಅಬ್‌ಹರಿ ಅರಬಿಯಲ್ಲಿ ಬರೆದದ್ದು. ಹೆಸರು ಅದೇ ಪೊರ್ಫಿರಿಯ ಪುಸ್ತಕದ್ದು. ಪ್ಯಾರಿಸ್ಸಿನ ಪಾದ್ರಿಯೂ ದೇಶದ ಯಾವುದೋ ಮೂಲೆಯ ಮೌಲವಿಯೂ ಒಂದೇ ಹೆಸರಿನ ಪುಸ್ತಕದಿಂದ ತರ್ಕದ ಅಕ್ಷರಾಭ್ಯಾಸ ಮಾಡಿದರು.

ಇದು ಆಕಸ್ಮಿಕವಲ್ಲ. ಬಗ್ದಾದಿನ ಅಬ್ಬಾಸಿ ಖಲೀಫರ ಕಾಲದಲ್ಲಿ ಗ್ರೀಕ್ ಗ್ರಂಥಗಳನ್ನು ಅರಬಿಗೆ ತಂದವರಲ್ಲಿ ಅಗ್ರಗಣ್ಯರಾದ ಹುನೈನ್ ಇಬ್ನು ಇಸ್‌ಹಾಕ್ (809-873) ಕ್ರೈಸ್ತರಾಗಿದ್ದರು. ಬಗ್ದಾದಿನ ತರ್ಕಪರಂಪರೆಯ ಹಿರಿಯರಾದ ಅಬೂ ಬಿಶ್ರ್ ಮತ್ತಾ ಕೂಡ ಕ್ರೈಸ್ತರು. ಮಹಾತತ್ವಜ್ಞಾನಿ ಫಾರಾಬಿ ತರ್ಕವನ್ನು ಕಲಿತದ್ದು ಕ್ರೈಸ್ತ ಗುರುಗಳ ಬಳಿ. ತೆರ್ತುಲ್ಲಿಯನ್ ಎತ್ತಿದಂತಹ ಪ್ರಶ್ನೆ ಅಲ್ಲಿಯೂ ಎದ್ದಿತು. 10ನೇ ಶತಮಾನದಲ್ಲಿ ವಝೀರನ ದರ್ಬಾರಿನಲ್ಲಿ ವ್ಯಾಕರಣ ಪಂಡಿತ ಸೀರಾಫಿ ಇದೇ ಮತ್ತಾರನ್ನು ಎದುರಿಗೆ ಕೂರಿಸಿಕೊಂಡು, ನಮ್ಮ ಭಾಷೆಗೆ ನಮ್ಮ ವ್ಯಾಕರಣವಿರುವಾಗ ಗ್ರೀಕರ ತರ್ಕ ಯಾತಕ್ಕೆ ಎಂದು ಜಾಡಿಸಿದರು. ಅಂದಿನ ವಾದದಲ್ಲಿ ಸೀರಾಫಿ ಗೆದ್ದರು ಎಂಬುದೇ ನಮಗೆ ಬಂದಿರುವ ವರದಿ. ಆದರೆ ಇತಿಹಾಸದ ತೀರ್ಪು ಬೇರೆಯಾಯಿತು. ಇಮಾಮ್ ಗಝ್ಝಾಲಿಯವರು(ರ) ತಮ್ಮ ‘ಅಲ್ ಮುಸ್ತಸ್ಫಾ’ ಗ್ರಂಥದ ಪೀಠಿಕೆಯಲ್ಲಿ ತರ್ಕವನ್ನೇ ಇಟ್ಟು, ಅದನ್ನರಿಯದವರ ವಿದ್ಯೆಯನ್ನು ನಂಬಲಾಗದು ಎಂಬರ್ಥದ ಮಾತು ಹೇಳಿದ ಮೇಲೆ ಮಂತಿಕ್ ಮದರಸಾದೊಳಗೆ ಗಟ್ಟಿಯಾಗಿ ಕುಳಿತಿತು.

12ನೇ ಶತಮಾನದಲ್ಲಿ ಹೊಳೆ ಹಿಂದಕ್ಕೆ ಹರಿಯಿತು. ಸ್ಪೇನಿನ ತೊಲೇದೋ ನಗರದಲ್ಲಿ ಕ್ರೆಮೋನಾದ ಜೆರಾರ್ಡ್ ಮುಂತಾದವರು ಇಬ್ನು ಸೀನಾರ ವೈದ್ಯಗ್ರಂಥವನ್ನೂ ಖ್ವಾರಿಝ್ಮಿಯ ಬೀಜಗಣಿತವನ್ನೂ ಅರಬಿಯಿಂದ ಲ್ಯಾಟಿನ್ನಿಗೆ ತಂದರು. ಕ್ರೈಸ್ತ ದೇವಶಾಸ್ತ್ರದ ಮೇರುಪುರುಷ ತೋಮಸ್ ಅಕ್ವಿನಾಸ್ (1225-1274) ಅರಿಸ್ಟಾಟಲನನ್ನು ಓದುವಾಗ ಇಬ್ನು ರುಶ್ದ್‌ರ ಹೆಸರನ್ನೂ ಹೇಳದೆ ‘ವ್ಯಾಖ್ಯಾನಕಾರ’ ಎಂದಷ್ಟೇ ಬರೆಯುತ್ತಿದ್ದರು. ಹಾಗೆಂದರೆ ಯಾರೆಂದು ಎಲ್ಲರಿಗೂ ಗೊತ್ತಿತ್ತು.

ಇನ್ನು ಮುಖ್ಯವಾದ ಮಾತು, ಉದ್ದೇಶದ್ದು. ವಿದ್ಯಾರ್ಥಿ ಮಿತ್ರರೇ, ಇಲ್ಲಿ ಎರಡು ರಾಜೀನಾಮೆಗಳ ಕಥೆಯನ್ನು ಹೇಳುತ್ತೇನೆ. ಕ್ರಿ.ಶ. 386ರಲ್ಲಿ ಮಿಲಾನ್ ನಗರದಲ್ಲಿ ಆಗಸ್ಟೀನ್ ವಾಗ್ಮಿತೆಯ ಅಧ್ಯಾಪಕರಾಗಿದ್ದರು. ಸಂಬಳ, ಕೀರ್ತಿ, ದರ್ಬಾರಿನ ಸಂಪರ್ಕ ಎಲ್ಲವೂ ಇತ್ತು. ತಾನು ಹುಡುಗರಿಗೆ ಮಾತು ಮಾರುತ್ತಿದ್ದೇನೆ ಎಂಬ ಭಾವ ಬಂದು ಆ ಪೀಠವನ್ನು ಬಿಟ್ಟರು. 1095ರಲ್ಲಿ ಬಗ್ದಾದಿನ ನಿಝಾಮಿಯಾ ಮದರಸಾದ ಅತ್ಯುನ್ನತ ಪೀಠದಲ್ಲಿದ್ದ ಗಝ್ಝಾಲಿಯವರು(ರ) ತಾನು ಕಲಿಸುತ್ತಿರುವುದು ಅಲ್ಲಾಹನಿಗಾಗಿಯೋ ಹೆಸರಿಗಾಗಿಯೋ ಎಂಬ ಶಂಕೆಗೆ ಸಿಕ್ಕಿ, ಮಾತೇ ಹೊರಡದ ಸ್ಥಿತಿಗೆ ತಲುಪಿ, ಎಲ್ಲವನ್ನೂ ತ್ಯಜಿಸಿ ಹೊರಟರು. ಇಬ್ಬರ ನಡುವೆ ಏಳು ಶತಮಾನಗಳು. ನಂಬಿಕೆಯಲ್ಲೂ ಅಂತರ ದೊಡ್ಡದು. ತ್ರಿತ್ವ ಮತ್ತು ತೌಹೀದ್‌ಗಳ ನಡುವಿನ ಭೇದವನ್ನು ಮರೆಮಾಚುವುದು ಇಬ್ಬರಿಗೂ ಮಾಡುವ ಅನ್ಯಾಯ. ಆದರೆ ಇಬ್ಬರನ್ನೂ ಕಾಡಿದ್ದು ಒಂದೇ ಪ್ರಶ್ನೆ, ವಿದ್ಯೆ ಯಾತಕ್ಕೆ? ಇಬ್ಬರೂ ಮುಂದೆ ವಿದ್ಯೆಯನ್ನು ಬಿಡಲಿಲ್ಲ, ಅದರ ದಿಕ್ಕನ್ನು ಬದಲಿಸಿದರು. ಓದನ್ನೆಲ್ಲ ಮುಗಿಸಿದ ಶಿಷ್ಯನೊಬ್ಬ, ಇಷ್ಟರಲ್ಲಿ ನಾಳೆ ಗೋರಿಯಲ್ಲಿ ನನ್ನ ಜೊತೆಗಿರುವುದು ಯಾವುದು ಎಂದು ಕೇಳಿದ್ದಕ್ಕೆ ಗಝ್ಝಾಲಿ(ರ) ಬರೆದ ಪತ್ರವೇ ‘ಅಯ್ಯುಹಲ್ ವಲದ್’. ಪ್ರಯೋಜನವಿಲ್ಲದ ಜ್ಞಾನದಿಂದ ಪ್ರವಾದಿಯವರು(ಸ) ರಕ್ಷಣೆ ಬೇಡುತ್ತಿದ್ದುದನ್ನು ನಾವೆಲ್ಲರೂ ಕೇಳಿದ್ದೇವೆ.

ಕ್ರೈಸ್ತ ಪ್ರಾಚೀನ ಶಿಕ್ಷಣದ ಗುರಿಯೂ ಉದ್ಯೋಗವಾಗಿರಲಿಲ್ಲ. ದೇವರನ್ನು ಅರಿಯಬಲ್ಲ, ಒಳ್ಳೆಯದನ್ನು ಪ್ರೀತಿಸಬಲ್ಲ ಮನುಷ್ಯನನ್ನು ರೂಪಿಸುವುದೇ ಗುರಿ. ಅದಕ್ಕೆ ವಿವೇಕ, ನ್ಯಾಯ, ಧೈರ್ಯ, ಸಂಯಮ ಎಂಬ ನಾಲ್ಕು ಸದ್ಗುಣಗಳನ್ನು ಎಣಿಸುತ್ತಿದ್ದರು. ನಮ್ಮ ಅಖ್ಲಾಕ್ ಗ್ರಂಥಗಳನ್ನು ತೆರೆದವರಿಗೆ ಇವು ಹಿಕ್ಮತ್, ಅದಾಲತ್, ಶುಜಾಅತ್, ಇಫ್ಫತ್ ಎಂಬ ಹೆಸರಿನಲ್ಲಿ ಸಿಗುತ್ತವೆ. ಇಬ್ನು ಮಿಸ್ಕವೈಹಿಯಿಂದ ನಸೀರುದ್ದೀನ್ ತೂಸಿಗೆ, ತೂಸಿಯಿಂದ ಜಲಾಲುದ್ದೀನ್ ದವ್ವಾನಿಗೆ ಈ ಪಾಠ ಹರಿದು ಬಂತು.

ದವ್ವಾನಿಯ ಹೆಸರು ಬಂದಾಗ ಬೀದರಿನ ಬಾಗಿಲಿಗೆ ಬಂದೆವು. ಏಕೆಂದರೆ ಈ ದವ್ವಾನಿಯನ್ನೂ ಹೆರಾತಿನ ಕವಿ, ವಿದ್ವಾಂಸ ಮೌಲಾನಾ ಜಾಮಿಯನ್ನೂ ದಖ್ಖನಿಗೆ ಬರಬೇಕೆಂದು ಆಹ್ವಾನಿಸಿದವರು ಬಹಮನಿ ರಾಜ್ಯದ ಪ್ರಧಾನಿ ಖ್ವಾಜಾ ಮಹಮೂದ್ ಗವಾನ್. ಇರಾನಿನ ಗಿಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ 1453ರಲ್ಲಿ ಇಲ್ಲಿಗೆ ಬಂದ ಗವಾನ್, 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದರು. ಮೂರು ಅಂತಸ್ತು, 205 ಅಡಿ ಉದ್ದ, 180 ಅಡಿ ಅಗಲ. ವಿದ್ಯಾರ್ಥಿಗಳಿಗೆ 36 ಕೊಠಡಿ, ಅಧ್ಯಾಪಕರಿಗೆ 6 ಬಿಡಾರ, ಮಸೀದಿ, ಉಪನ್ಯಾಸದ ಹಜಾರಗಳು, 3000 ಹಸ್ತಪ್ರತಿಗಳ ಗ್ರಂಥಾಲಯ. ಹಳದಿ, ನೀಲಿ, ಹಸಿರು ಹೆಂಚುಗಳ ಹೊದಿಕೆಯಲ್ಲಿ ಕುರ್‌ಆನಿನ ವಚನಗಳು. ಆ ಹೆಂಚುಗಳ ಒಂದಷ್ಟು ಭಾಗವನ್ನು ನೀವು ಇಂದಿಗೂ ನೋಡಬಹುದು. ಸಮರಕಂದ, ಹೆರಾತಿನ ಮದರಸಾಗಳ ಮಾದರಿ ಅದು.

ಜಾಮಿಯೂ ದವ್ವಾನಿಯೂ ಬರಲಿಲ್ಲ. ಆದರೆ ಜಾಮಿ ತಮ್ಮ ಮಗನಿಗೆಂದು ಬರೆದ ಅರಬಿ ವ್ಯಾಕರಣದ ವ್ಯಾಖ್ಯಾನ ‘ಶರಹೆ ಜಾಮಿ’ ಎಂಬ ಹೆಸರಿನಲ್ಲಿ ದರ್ಸೆ ನಿಝಾಮಿ ಓದಿಸುವ ಮದರಸಾಗಳಲ್ಲಿ ಪಾಠಪುಸ್ತಕವಾಗಿ ಉಳಿದಿದೆ. ಸರ್ಫ್ ಮತ್ತು ನಹ್ವ್ ಅಂದರೆ ವ್ಯಾಕರಣ, ಮಂತಿಕ್ ಅಂದರೆ ತರ್ಕ, ಬಲಾಗತ್ ಅಂದರೆ ವಾಗ್ಮಿತೆ. ಟ್ರಿವಿಯಂ ಎಂಬುದು ನಮಗೆ ಹೊರಗಿನ ಸರಕಲ್ಲ ಎಂದು ನಾನು ಹೇಳುವುದು ಇದಕ್ಕೇ.

ಗವಾನ್ ಸ್ವತಃ ಮೂರನೆಯ ವಿದ್ಯೆಯ ಗುರು. ಪತ್ರ ಬರೆಯುವ ಕಲೆಯ ಬಗ್ಗೆ ‘ಮನಾಝಿರುಲ್ ಇನ್ಶಾ’ ಎಂಬ ಶಾಸ್ತ್ರಗ್ರಂಥವನ್ನು ಬರೆದರು. ಅವರ ಪತ್ರಗಳ ಸಂಗ್ರಹ ‘ರಿಯಾಝುಲ್ ಇನ್ಶಾ’. ಉಸ್ಮಾನಿ ಸುಲ್ತಾನ ಎರಡನೇ ಮುಹಮ್ಮದನಿಗೂ ಜಾಮಿಗೂ ಬರೆದ ಪತ್ರಗಳು ಅದರಲ್ಲಿವೆ. ಇಟಲಿಯ ಕ್ರೈಸ್ತ ಶಾಲೆಗಳಲ್ಲಿಯೂ 11ನೇ ಶತಮಾನದಿಂದಲೇ ವಾಗ್ಮಿತೆಯ ಒಂದು ಶಾಖೆಯಾಗಿ ಪತ್ರಲೇಖನವನ್ನು ಕಲಿಸುತ್ತಿದ್ದರು. ಯಾರಿಗೆ ಬರೆಯುತ್ತಿದ್ದೇವೆ, ಅವರ ಸ್ಥಾನವೇನು, ಕೇಳುವುದೇನು, ಅದಕ್ಕೆ ಕಾರಣವೇನು ಎಂಬುದನ್ನು ತೂಗಿ ಬರೆಯುವ ಅಭ್ಯಾಸ. ಇಂಥ ಪತ್ರಗುರುವಿನ ಪ್ರಾಣವನ್ನು ತೆಗೆದದ್ದು ಒಂದು ನಕಲಿ ಪತ್ರ! ವಿರೋಧಿಗಳು ಅವರ ಮುದ್ರೆಯೊತ್ತಿದ ಖಾಲಿ ಕಾಗದ ಸಂಪಾದಿಸಿ, ಒಡಿಶಾದ ರಾಜನಿಗೆ ಬರೆದಂತೆ ರಾಜದ್ರೋಹದ ಪತ್ರ ಸೃಷ್ಟಿಸಿ ಸುಲ್ತಾನ ಮೂರನೇ ಮುಹಮ್ಮದ್ ಷಾನ ಕೈಗಿಟ್ಟರು. ಕುಡಿದ ಅಮಲಿನಲ್ಲಿದ್ದ ಸುಲ್ತಾನ ವಿಚಾರಣೆಯನ್ನೂ ಮಾಡಲಿಲ್ಲ. 1481ರ ಏಪ್ರಿಲ್‌ನಲ್ಲಿ ಗವಾನರ ಶಿರಚ್ಛೇದವಾಯಿತು. ಕೈಗೆ ಬಂದ ಒಂದು ಕಾಗದವನ್ನು ಪರೀಕ್ಷಿಸುವಷ್ಟು ತರ್ಕ ಆ ದರ್ಬಾರಿನಲ್ಲಿ ಇಲ್ಲದೆ ಹೋದದ್ದಕ್ಕೆ ರಾಜ್ಯವೇ ಬೆಲೆ ತೆತ್ತಿತು. ಕೆಲವೇ ವರ್ಷಗಳಲ್ಲಿ ಬಹಮನಿ ರಾಜ್ಯ ಹೋಳಾಯಿತು. ಮೊಬೈಲಿಗೆ ಬಂದದ್ದನ್ನೆಲ್ಲ ನಂಬಿ ಮುಂದಕ್ಕೆ ಕಳಿಸುವ ನಮ್ಮ ಕಾಲದವರಿಗೆ ಈ ಕಥೆ ತೀರಾ ಹಳೆಯದೆನಿಸಲಿಕ್ಕಿಲ್ಲ. ಮದರಸಾದ ಕಟ್ಟಡಕ್ಕೂ ಒಳ್ಳೆಯ ಗತಿ ಬರಲಿಲ್ಲ. ಮೊಘಲರ ಕೈಗೆ ಬೀದರ್ ಹೋದ ಮೇಲೆ, 1696ರಲ್ಲಿ ಸಿಡಿಮದ್ದಿನ ಸ್ಫೋಟದಲ್ಲಿ ಮುಂಭಾಗದ ದೊಡ್ಡ ಪಾಲೂ ಒಂದು ಮಿನಾರೂ ಹಾರಿಹೋದವು.

ಬಸವಕಲ್ಯಾಣದ ಓದುಗರು ಇಷ್ಟರಲ್ಲಿ, ನಮ್ಮ ಊರಿನ ಮಾತೆಲ್ಲಿ ಎಂದು ಕೇಳುತ್ತಿರಬಹುದು. ಗವಾನರಿಗಿಂತ ನಾಲ್ಕು ಶತಮಾನ ಮೊದಲೇ ಕಲ್ಯಾಣ ಚಾಲುಕ್ಯರ ರಾಜಧಾನಿ. ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದ; ಮೂರನೇ ಸೋಮೇಶ್ವರ ತಾನೇ ‘ಮಾನಸೋಲ್ಲಾಸ’ ಬರೆದ. ಅದೇ ಚಾಲುಕ್ಯರ ಆಶ್ರಯದಲ್ಲಿ ಇಂದಿನ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿ ನಾಗಾವಿಯ ಘಟಿಕಾಸ್ಥಾನವಿತ್ತು. ಅಲ್ಲಿಯ 1058ರ ಶಾಸನದಲ್ಲಿ ವೇದ ಕಲಿಯುವ 200 ವಿದ್ಯಾರ್ಥಿಗಳು, ಶಾಸ್ತ್ರ ಕಲಿಯುವ 52 ಮಂದಿ, ಅವರ ಅಧ್ಯಾಪಕರು, ಇವರೊಂದಿಗೆ ಪುಸ್ತಕ ನೋಡಿಕೊಳ್ಳುವ 6 ಮಂದಿ ‘ಸರಸ್ವತೀ ಭಂಡಾರಿ’ಗಳ ಉಲ್ಲೇಖವಿದೆ. ನ್ಯಾಯಶಾಸ್ತ್ರ, ಅಂದರೆ ಇಲ್ಲಿಯದೇ ಆದ ತರ್ಕ, ಅಲ್ಲಿ ಪಾಠವಾಗುತ್ತಿತ್ತು. ಇಮಾಮ್ ಗಝ್ಝಾಲಿಯವರ(ರ) ಜನ್ಮವರ್ಷವೆಂದು ಸಾಮಾನ್ಯವಾಗಿ ಹೇಳುವುದೂ 1058! ಗ್ರೀಕರ ನೆರಳಿಲ್ಲದೆಯೂ ನಮ್ಮ ನೆಲ ಭಾಷೆ ಮೊದಲು, ತರ್ಕ ಆಮೇಲೆ ಎಂಬ ಕ್ರಮಕ್ಕೆ ಬಂದಿತ್ತು.

ಆದರೆ ಮೂರೂ ಕಡೆ ಒಂದು ಕೊರತೆ ಸಮಾನವಾಗಿತ್ತು. ಘಟಿಕಾಸ್ಥಾನಕ್ಕೆ ಚಪ್ಪಲಿ ಹೊಲಿಯುವವನ ಮಗ ಹೋಗುವಂತಿರಲಿಲ್ಲ. ಯುರೋಪಿನ ಲ್ಯಾಟಿನ್ ಶಾಲೆಯಲ್ಲಿ ರೈತನ ಮಗಳಿಗೆ ಜಾಗವಿರಲಿಲ್ಲ. ಗವಾನರ 36 ಕೊಠಡಿಗಳಲ್ಲಿದ್ದವರು ಗಂಡುಮಕ್ಕಳೇ. ಈ ಶಿಕ್ಷಣಕ್ರಮವನ್ನು ಹಾಡಿ ಹೊಗಳುವವರು ಈ ಜಾಗಕ್ಕೆ ಬಂದಾಗ ಧ್ವನಿ ತಗ್ಗಿಸುತ್ತಾರೆ. ತಗ್ಗಿಸಬಾರದು. 12ನೇ ಶತಮಾನದಲ್ಲಿ ಕಲ್ಯಾಣದ ಶರಣರು ಮಾಡಿದ ದೊಡ್ಡ ಕೆಲಸವೆಂದರೆ ಈ ಬಾಗಿಲನ್ನು ಒಡೆದದ್ದು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಆಯ್ದಕ್ಕಿ ಲಕ್ಕಮ್ಮ ಇವರೆಲ್ಲ ಸಂಸ್ಕೃತದ ಮೂಲಕವಲ್ಲ, ಕನ್ನಡದಲ್ಲೇ ತರ್ಕಿಸಿದರು, ಕನ್ನಡದಲ್ಲೇ ದೇವರ ಬಗ್ಗೆ ಮಾತಾಡಿದರು. ಕ್ರೈಸ್ತ ಜಗತ್ತಿನಲ್ಲಿ ಇದಕ್ಕೆ ಹೋಲುವ ದನಿ ಬಂದದ್ದು 17ನೇ ಶತಮಾನದಲ್ಲಿ. ಮೊರಾವಿಯಾದ ಬಿಷಪ್ ಕೊಮೇನಿಯಸ್ (1592-1670) ಬಡವ ಬಲ್ಲಿದ, ಗಂಡು ಹೆಣ್ಣು ಎನ್ನದೆ ಎಲ್ಲ ಮಕ್ಕಳಿಗೂ ಮೊದಲು ತಾಯ್ನುಡಿಯಲ್ಲೇ ಕಲಿಸಬೇಕೆಂದು ವಾದಿಸಿದರು.

ಕ್ರೈಸ್ತ ಪ್ರಾಚೀನ ಶಿಕ್ಷಣ ಕನ್ನಡ ನಾಡಿಗೆ ಬಂದದ್ದು ಹೆಚ್ಚಾಗಿ ಕರಾವಳಿಯ ಮೂಲಕ. 1599ರಲ್ಲಿ ಜೆಸ್ವಿಟರು ತಮ್ಮ ಶಾಲೆಗಳಿಗೆಲ್ಲ ಒಂದೇ ಪಠ್ಯಕ್ರಮ ರೂಪಿಸಿದ್ದರು: ವ್ಯಾಕರಣದ ತರಗತಿಗಳು, ಸಾಹಿತ್ಯ, ವಾಗ್ಮಿತೆ, ನಂತರ ತತ್ವಶಾಸ್ತ್ರ. ಆ ಪರಂಪರೆಯವರು 1880ರಲ್ಲಿ ಮಂಗಳೂರಿನಲ್ಲಿ ಸೇಂಟ್ ಅಲೋಶಿಯಸ್ ಕಾಲೇಜು ತೆರೆದರು. ಅದಕ್ಕೂ ಮೊದಲೇ, 1834ರಲ್ಲಿ, ಬಾಸೆಲ್ ಮಿಷನ್ನಿನವರು ಬಂದಿದ್ದರು. ಗ್ರೀಕ್, ಲ್ಯಾಟಿನ್, ಹೀಬ್ರೂ ಓದಿ ಬಂದ ಇವರಲ್ಲಿ ಕೆಲವರು ಆ ಶಿಸ್ತನ್ನು ಕನ್ನಡಕ್ಕೆ ತಿರುಗಿಸಿದರು. ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಅವರು ಮುದ್ರಿಸಿದ ಹಳೆಯ ಕನ್ನಡ ಕಾವ್ಯಗಳ ಮಾಲೆಯಲ್ಲಿ ಕಲ್ಯಾಣದ ಕಥೆ ಹೇಳುವ ‘ಬಸವಪುರಾಣ’ವೂ ಇತ್ತು. ಕಿಟ್ಟೆಲ್ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ, 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ಕೊಟ್ಟರು. ಅವರು ಬಂದದ್ದು ಧರ್ಮಪ್ರಚಾರಕ್ಕೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಕನ್ನಡಕ್ಕೆ ಉಳಿದದ್ದು ನಿಘಂಟು.

ನಮ್ಮ ಬೀದರ್ ಜಿಲ್ಲೆಗೆ, ನಿಝಾಮರ ಆಳ್ವಿಕೆಯ ಕಾಲದಲ್ಲಿ, ಬಂದವರು ಮೆಥೋಡಿಸ್ಟರು. ಅವರ ಚರ್ಚುಗಳು ನಮ್ಮ ಹಳ್ಳಿಗಳಲ್ಲಿವೆ. ಅವರ ಶಾಲೆಗಳಲ್ಲಿ ಟ್ರಿವಿಯಂ ಇರಲಿಲ್ಲ. ಶತಮಾನಗಳಿಂದ ಅಕ್ಷರದ ಹೊರಗಿದ್ದವರಿಗೆ ಅಕ್ಷರ ಕೊಡುವುದೇ ಅವರ ಕೆಲಸವಾಗಿತ್ತು. ಆದ್ದರಿಂದ ಕಾನ್ವೆಂಟ್ ಬೇರೆ, ಮಿಷನ್ ಶಾಲೆ ಬೇರೆ, ಕ್ರೈಸ್ತರ ಪ್ರಾಚೀನ ಶಿಕ್ಷಣಕ್ರಮ ಬೇರೆ ಎಂಬುದನ್ನು ಇನ್ನಾದರೂ ಬಿಡಿಬಿಡಿಯಾಗಿ ನೋಡಬೇಕು.

ಯುರೋಪಿನಲ್ಲಿಯೇ ಈ ಕ್ರಮ 19ನೇ ಶತಮಾನದ ನಂತರ ಹಿಂದೆ ಸರಿಯಿತು. 1947ರಲ್ಲಿ ಇಂಗ್ಲಿಷ್ ಲೇಖಕಿ ಡೊರೊಥಿ ಸೇಯರ್ಸ್ ಆಕ್ಸ್‌ಫರ್ಡಿನಲ್ಲಿ ಒಂದು ಉಪನ್ಯಾಸ ಕೊಟ್ಟು, ನಾವು ಮಕ್ಕಳಿಗೆ ವಿಷಯಗಳನ್ನು ಕಲಿಸುತ್ತೇವೆ, ಯೋಚಿಸುವುದನ್ನು ಕಲಿಸುವುದಿಲ್ಲ ಎಂಬ ದೂರನ್ನಿಟ್ಟರು. ಟ್ರಿವಿಯಂನ ಮೂರು ವಿದ್ಯೆಗಳು ಮಗುವಿನ ಮೂರು ವಯಸ್ಸುಗಳಿಗೆ ಹೊಂದುತ್ತವೆ ಎಂಬುದು ಅವರ ಸೂಚನೆ. ಮೊದಲನೆಯದು ಗಿಳಿಯ ವಯಸ್ಸು, ಬಾಯಿಪಾಠ ಸುಲಭ. ಎರಡನೆಯದು ಎದುರುತ್ತರದ ವಯಸ್ಸು. ಏಕೆ, ಹೇಗೆ ಎಂದು ಜಗಳಕ್ಕೆ ನಿಲ್ಲುತ್ತಾರೆ, ಆಗ ತರ್ಕ ಕೊಡಬೇಕು. ಮೂರನೆಯದು ತನ್ನದೇ ಮಾತನ್ನು ಹುಡುಕುವ ವಯಸ್ಸು. ಇದನ್ನು ಹಿಡಿದು 1981ರಲ್ಲಿ ಅಮೆರಿಕದ ಇಡಾಹೋ ರಾಜ್ಯದಲ್ಲಿ ಲೋಗೋಸ್ ಶಾಲೆ ಆರಂಭವಾಯಿತು. ಇಂದು ಅಲ್ಲಿ ಇಂತಹ ಕ್ರೈಸ್ತ ಶಾಲೆಗಳು ನೂರಾರು. ಅವರ ಕ್ರಮವನ್ನು ನಾನು ಮೆಚ್ಚುತ್ತೇನೆ. ಆದರೆ ಅವರಲ್ಲಿ ಹಲವರು ‘ಪಾಶ್ಚಾತ್ಯ ನಾಗರಿಕತೆ’ ಎಂದು ಬರೆದುಕೊಂಡ ವಂಶಾವಳಿ ಅಥೆನ್ಸಿನಿಂದ ರೋಮಿಗೆ, ರೋಮಿನಿಂದ ಪ್ಯಾರಿಸ್ಸಿಗೆ ನೇರವಾಗಿ ಹಾರುತ್ತದೆ. ಬಗ್ದಾದ್ ಮತ್ತು ತೊಲೇದೋಗಳನ್ನು ಬಿಟ್ಟು ಆ ದಾರಿ ಹೇಗೆ ನಡೆಯುತ್ತದೆಯೋ ತಿಳಿಯದು.

ನಮ್ಮ ಸ್ಥಿತಿ ಏನು? ಗಿಳಿಯ ವಯಸ್ಸನ್ನು ನಮ್ಮಷ್ಟು ಚೆನ್ನಾಗಿ ಬಳಸಿಕೊಂಡವರು ಕಡಿಮೆ. ಹತ್ತು ಹನ್ನೆರಡು ವರ್ಷದ ಮಗು ಇಡೀ ಕುರ್‌ಆನನ್ನು ಎದೆಯಲ್ಲಿ ಇಟ್ಟುಕೊಳ್ಳುತ್ತದೆ. ಅಂತಹ ನೆನಪಿನ ಶಕ್ತಿಯನ್ನು ಕಂಡು ಸೇಯರ್ಸ್ ಬೆರಗಾಗುತ್ತಿದ್ದರೇನೋ. ಪ್ರಶ್ನೆ ಇರುವುದು ಮರುವರ್ಷದ್ದು. ಬೀದರಿನ ಶಾಹೀನ್ ಸಂಸ್ಥೆ ಹಾಫಿಝ್ ಮಕ್ಕಳನ್ನು ಶಾಲಾ ಶಿಕ್ಷಣಕ್ಕೆ ಕರೆತಂದು ಒಂದು ದಾರಿ ತೋರಿಸಿದೆ. ಆದರೆ ಎಷ್ಟೋ ಕಡೆ ಮದರಸಾದ ಹುಡುಗ ನಹ್ವ್, ಮಂತಿಕ್ ಓದಿಯೂ ಬ್ಯಾಂಕಿನ ಚಲನ್ ಮುಂದೆ ತಡವರಿಸುತ್ತಾನೆ. ಊರು ಅವನನ್ನು ಓದದವನೆಂದೇ ಎಣಿಸುತ್ತದೆ. ಅತ್ತ 95 ಶೇಕಡಾ ತೆಗೆದ ಕಾನ್ವೆಂಟ್ ಹುಡುಗಿಗೆ ಗೈಡ್ ಬಿಟ್ಟು ತನ್ನದೇ ನಾಲ್ಕು ಸಾಲು ಬರೆಯಲು ಬಾರದು, ಕನ್ನಡದಲ್ಲೂ ಇಲ್ಲ, ಉರ್ದುವಿನಲ್ಲೂ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ. ಒಬ್ಬನಿಗೆ ಉಪಕರಣವಿದೆ, ಬಳಸುವ ಕಡೆ ಇಲ್ಲ. ಇನ್ನೊಬ್ಬಳಿಗೆ ಸಾಮಗ್ರಿ ಇದೆ, ಉಪಕರಣವಿಲ್ಲ. ಇಬ್ಬರೂ ಒಂದೇ ಓಣಿಯವರು, ಬಹಳ ಸಲ ಒಂದೇ ಮನೆಯವರು.

ಇದಕ್ಕೆ ಹೊಸ ಕಟ್ಟಡವೇನೂ ಬೇಡ. ವಾರಕ್ಕೆ ಒಂದು ಗಂಟೆ, ಮದರಸಾದ ಮಕ್ಕಳನ್ನೂ ಶಾಲೆಯ ಮಕ್ಕಳನ್ನೂ, ಹೆಣ್ಣುಮಕ್ಕಳನ್ನು ಮೊದಲ ಸಾಲಿನಲ್ಲಿಟ್ಟು, ಒಟ್ಟಿಗೆ ಕೂರಿಸಿದರೆ ಸಾಕು. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಆಧಾರ ಕೇಳಬೇಕು. ಆಧಾರ ಕೊಟ್ಟವರು ಕೋಪಿಸಿಕೊಳ್ಳಬಾರದು. ಮೊದಲ ಪಾಠಕ್ಕೆ ಗವಾನರ ವಿದ್ಯೆಯನ್ನೇ ಎತ್ತಿಕೊಳ್ಳಬಹುದು. ತಮ್ಮ ಓಣಿಗೆ ನಲ್ಲಿ ನೀರು ಬರುತ್ತಿಲ್ಲವೆಂದು ಪುರಸಭೆಯ ಮುಖ್ಯಾಧಿಕಾರಿಗೆ ಒಂದು ಪುಟದ ಪತ್ರ: ಎಷ್ಟು ಮನೆ, ಎಷ್ಟು ದಿನದಿಂದ, ಹಿಂದೆ ಕೊಟ್ಟ ಅರ್ಜಿಯ ತಾರೀಖು, ಈಗ ಕೇಳುವುದೇನು. ಮೊದಲು ಕನ್ನಡದಲ್ಲಿ, ಆಮೇಲೆ ಅದನ್ನೇ ಉರ್ದುವಿನಲ್ಲಿ.